ಬಾಡಿಗೆ ಕೊಟ್ಟಿರಾ?

ಸುಳ್ಯದಿಂದಲೋ ಕಡಬದಿಂದಲೋ ಪುತ್ತೂರಿಗೆ ಹೊರಟು ಬಸ್ಸು ತಪ್ಪಿದಾಗ ನೀವೂ ಪರಿಚಿತರ ಬಿಳಿ ಬೋರ್ಡಿನ ಕಾರನ್ನು ಹತ್ತಿರಬಹುದು, ತಲಾ 50 ರೂಪಾಯಿ ಕೊಟ್ಟಿರಬಹುದು. ನಾನೂ ಕೊಟ್ಟಿದ್ದೆ. ಅಂದು ಮಳೆಯಲ್ಲಿ ಕಾರು ಮೋರಿಗೆ ಬಡಿದು, ನನ್ನ ಪಕ್ಕದಲ್ಲಿದ್ದ ಅಜ್ಜಿಯ ಸೊಂಟ ಮುರಿಯಿತು.

1988ರ ಮೋಟಾರು ವಾಹನ ಕಾಯ್ದೆಯಂತೆ ವಿಮೆಯಿಲ್ಲದೆ ವಾಹನ ರಸ್ತೆಗಿಳಿಯುವಂತಿಲ್ಲ. ಕೇವಲ ಥರ್ಡ್ ಪಾರ್ಟಿ ವಿಮೆಯಾದರೆ ಖಾಸಗಿ ಕಾರಿನೊಳಗೆ ಪುಕ್ಕಟೆ ಕುಳಿತವರಿಗೆ ರಕ್ಷಣೆಯಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲಿ ಉಂಟು. ಆ ಕಾರಿಗೆ ಪ್ಯಾಕೇಜ್ ಪಾಲಿಸಿಯೇ ಇತ್ತು. ಆದರೆ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದ್ದು ಸಾಬೀತಾದರೆ ಕಂಪೆನಿಯು ಹೊಣೆಯನ್ನು ಅಲ್ಲಗಳೆಯಬಹುದು. ನ್ಯಾಯಮಂಡಳಿ ಆದೇಶಿಸಿದರೆ ಮೊದಲು ಪರಿಹಾರ ತೆತ್ತು, ಬಳಿಕ ಮಾಲೀಕನಿಂದ ವಸೂಲು ಮಾಡಬಹುದು.

ಮಾಲೀಕ ನಮ್ಮ ವಾಳೆಯವನೇ. "ದುಡ್ಡು ಕೊಟ್ಟಿಲ್ಲವೆಂದು ಹೇಳಿಬಿಡಿ ಮಾರಾಯ್ರೆ, ಅಜ್ಜಿಗೂ ಪರಿಹಾರ ಸಿಗುತ್ತದೆ" ಎಂದ. ಅವನ ಮಾತಿನಲ್ಲಿ ನ್ಯಾಯವೂ ಇತ್ತು. ನನ್ನ ನಿದ್ದೆ ಕೆಡಿಸಿದ್ದು ಅದೇ. ವಿಚಾರಣೆಗೆ ಬಂದವರು ಕೇಳಿದಾಗ, ಕೊಟ್ಟೆನೆಂದೆ.

ಅವನು ತೋಟ ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದ. ಪೂಜೆ ಮುಗಿದ ಮೇಲೆ ಈಗಲೂ ನನ್ನ ಮುಖ ನೋಡುವುದಿಲ್ಲ. ಅಜ್ಜಿಯ ಮನೆಗೆ ನಾವಿಬ್ಬರೂ ಹೋಗುತ್ತೇವೆ, ಬೇರೆ ಬೇರೆ ದಿನ.