ನಮ್ಮ ಗಲ್ಲಿಯ ನಕ್ಷೆ

ಅಮೀರ್‌ಪೇಟ್‌ನಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಬರುವ ನಮ್ಮವರಿಗೆ ನಾವು ಹೇಳುವ ಬುದ್ಧಿಮಾತು ಒಂದೇ. ಮನೆಯ ಮಾಲೀಕರನ್ನು ಹೆಚ್ಚು ಕೇಳಲು ಹೋಗಬೇಡಿ, ಮೂಲೆಯಲ್ಲಿ ಇಸ್ತ್ರಿ ಮಾಡುವವನನ್ನು ಕೇಳಿ. ಜೋರು ಮಳೆ ಹೊಯ್ದರೆ ಗಲ್ಲಿಯಲ್ಲಿ ನೀರು ಮೊಣಕಾಲಿಗೆ ಬರುತ್ತದೋ ಸೊಂಟಕ್ಕೋ, ಸೆಲ್ಲಾರಿನಲ್ಲಿ ಸ್ಕೂಟರು ನಿಲ್ಲಿಸಬಹುದೋ ಬಾರದೋ, ಸಂಪಿಗೆ ಮೋರಿಯ ನೀರು ಸೇರುತ್ತದೋ ಇಲ್ಲವೋ, ಎಲ್ಲವನ್ನೂ ಅವನು ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ಹೇಳಿಬಿಡುತ್ತಾನೆ. ಇಷ್ಟು ಖಚಿತವಾದ ಮಾಹಿತಿ ಯಾವ ಭೂಪಟದಲ್ಲೂ ಸಿಕ್ಕುವುದಿಲ್ಲ.

ಭೂಪಟಕ್ಕೇನೂ ಇಲ್ಲಿ ಬರಗಾಲವಿಲ್ಲ. ಉಪಗ್ರಹಗಳು ತೆಗೆದ ಚಿತ್ರಗಳನ್ನು ದೇಶಕ್ಕೆಲ್ಲ ಒದಗಿಸುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇಲ್ಲೇ ಬಾಲಾನಗರದಲ್ಲಿದೆ. 2009ರಲ್ಲಿ ಇಸ್ರೋ ಸಂಸ್ಥೆ ಸಾರ್ವಜನಿಕರಿಗಾಗಿ ತೆರೆದ ‘ಭುವನ್’ ಭೂಪಟದ ಹಿಂದೆ ಇರುವುದೂ ಇದೇ ಕೇಂದ್ರ. ಮಹಾನಗರದ ಯೋಜನೆಗಳನ್ನು ರೂಪಿಸುವ ಎಚ್.ಎಂ.ಡಿ.ಎ. ಕಚೇರಿ ಮೈತ್ರೀವನಂ ಪಕ್ಕದ ಸ್ವರ್ಣ ಜಯಂತಿ ಕಟ್ಟಡದಲ್ಲಿದೆ. ಇನ್ನು ಬೀದರ್, ರಾಯಚೂರು, ಕಲಬುರಗಿ ಕಡೆಯಿಂದ ಬಂದು ಹಾಸ್ಟೆಲುಗಳಲ್ಲಿ ಉಳಿದು ಕಂಪ್ಯೂಟರು ಕಲಿಯುವ ನಮ್ಮ ಹುಡುಗರನ್ನಂತೂ ಲೆಕ್ಕ ಹಾಕುವುದೇ ಕಷ್ಟ. ದೀಪದ ಬುಡದಲ್ಲೇ ಕತ್ತಲೆ ಎಂಬಂತೆ, ಇಷ್ಟೆಲ್ಲದರ ನಡುವೆ ನಮ್ಮ ಗಲ್ಲಿಯ ನೀರಿನ ವಿಚಾರ ಮಾತ್ರ ಇಸ್ತ್ರಿಯವನ ತಲೆಯಲ್ಲೇ ಉಳಿದುಬಿಟ್ಟಿದೆ.

ನೀರಿಗೆ ಹಳೆಯ ದಾರಿ ಮರೆಯುವುದಿಲ್ಲ. ಜುಬಿಲಿ ಹಿಲ್ಸಿನ ಬಂಡೆಗಳ ಮೇಲೆ ಬಿದ್ದ ಮಳೆ ಯೂಸುಫ್‌ಗುಡ, ಮಧುರಾನಗರಗಳನ್ನು ಹಾದು ಇಳಿಜಾರು ಹಿಡಿದು ನಮ್ಮ ಕಡೆಗೆ ಬರುತ್ತದೆ. ಇಲ್ಲಿಂದ ಮುಂದೆ ಹುಸೇನ್ ಸಾಗರಕ್ಕೆ ಹೋಗಬೇಕು. ನಡುವೆ ಅದು ತಂಗುತ್ತಿದ್ದ ಕೆರೆ ಕುಂಟೆಗಳು ಒಂದೊಂದಾಗಿ ಮಾಯವಾದವು. ಯೂಸುಫ್‌ಗುಡದ ಕೆರೆಯ ಅಂಗಳದಲ್ಲಿ ಈಗ ಕೃಷ್ಣಕಾಂತ್ ಪಾರ್ಕು. ಮಾ ಸಾಹೇಬಾ ತಾಲಾಬ್ ಜನರ ಬಾಯಲ್ಲಿ ಸವೆದು ಮಾಸಾಬ್ ಟ್ಯಾಂಕ್ ಆಯಿತು; ಹೆಸರಿನಲ್ಲಿ ಟ್ಯಾಂಕು ಉಳಿಯಿತು, ನೀರು ಉಳಿಯಲಿಲ್ಲ. ನಮ್ಮ ಹೆಂಗಸರು ಆಷಾಢದಲ್ಲಿ ತಪ್ಪದೆ ದರ್ಶನಕ್ಕೆ ಹೋಗುವ ಬಲ್ಕಂಪೇಟ್ ಎಲ್ಲಮ್ಮ ನೆಲಮಟ್ಟಕ್ಕಿಂತ ಕೆಳಗೆ, ಬಾವಿಯೊಳಗೆ ನೆಲೆಸಿದ್ದಾಳೆ. ಈ ನೆಲ ಯಾರದೆಂದು ಆ ತಾಯಿಗೆ ಗೊತ್ತಿದ್ದೀತು. 2000ದ ಆಗಸ್ಟ್ 24ರಂದು ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆ ಸುರಿದಾಗ ಬೇಗಂಪೇಟ್ ಸುತ್ತಮುತ್ತ ದೋಣಿಗಳು ಓಡಾಡಿದವು. 2020ರ ಅಕ್ಟೋಬರ್ 13ರ ರಾತ್ರಿಯನ್ನು ನಾವು ಯಾರೂ ಮರೆತಿಲ್ಲ. ನೆಲಮಹಡಿಯ ಮನೆಗಳವರು ಮಕ್ಕಳ ಪುಸ್ತಕ, ಅಕ್ಕಿ ಡಬ್ಬ, ದೇವರ ಪಟಗಳನ್ನು ಎತ್ತಿಕೊಂಡು ಮೇಲಿನ ಮನೆಯವರ ಹಜಾರದಲ್ಲಿ ಬೆಳಗು ಮಾಡಿದರು.

ಇಲ್ಲಿ ನಮ್ಮ ವಿಶ್ವೇಶ್ವರಯ್ಯನವರನ್ನು ನೆನೆಯದಿದ್ದರೆ ಹೇಗೆ? 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದ ಮೇಲೆ, ನಿಜಾಮರ ಸರ್ಕಾರ 1909ರಲ್ಲಿ ಅವರನ್ನು ಕರೆಸಿತು. ಅವರು ನದಿಯ ದಡಕ್ಕೆ ಗೋಡೆ ಕಟ್ಟಿಸಿ ಎಂದಷ್ಟೇ ಹೇಳಿ ಹೋಗಬಹುದಿತ್ತು. ಆದರೆ ಊರಿನ ಪ್ರವಾಹದ ಕಾರಣವನ್ನು ಅವರು ಹುಡುಕಿದ್ದು ಊರಿನ ಹೊರಗೆ. ಮೂಸಿ ಜಲಾನಯನದ 788 ಕೆರೆಗಳಲ್ಲಿ 221 ಒಡೆದಿದ್ದವೆಂದು ಲೆಕ್ಕ ಸಿಕ್ಕಿತು. ಮೇಲಿನ ಕೆರೆ ಒಡೆದರೆ ಕೆಳಗಿನದು ತಾಳುವುದೇ? ಒಂದರ ನೀರು ಇನ್ನೊಂದಕ್ಕೆ ನುಗ್ಗಿ, ಎಲ್ಲವೂ ಸೇರಿ ಊರಿನ ಮೇಲೆ ಬಿತ್ತು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ನಮ್ಮ ಸಭೆಗಳಲ್ಲಿ ಸರ್ ಎಂ.ವಿ. ಅವರ ಭಾವಚಿತ್ರಕ್ಕೆ ಹಾರ ಹಾಕುವಾಗ ಈ ಕೆರೆಗಳ ಲೆಕ್ಕದ ಕಥೆಯನ್ನೂ ಹೇಳಿದರೆ ಚೆನ್ನು.

ಈಗಿನ ಲೆಕ್ಕ ಗೆರೆಗಳದು. ಕೆರೆ ಪೂರ್ತಿ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಆ ಗೆರೆಗೆ ಎಫ್.ಟಿ.ಎಲ್. ಎನ್ನುತ್ತಾರೆ. 2012ರ ಸರ್ಕಾರಿ ಆದೇಶದಂತೆ, 10 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಕೆರೆಯಾದರೆ ಆ ಗೆರೆಯಿಂದ ಆಚೆಗೆ 30 ಮೀಟರ್, ಚಿಕ್ಕದಾದರೆ 9 ಮೀಟರ್ ಜಾಗದಲ್ಲಿ ಕಟ್ಟಡ ಕಟ್ಟುವಂತಿಲ್ಲ. ಎಚ್.ಎಂ.ಡಿ.ಎ. ಮೊದಲು ತಾತ್ಕಾಲಿಕ ನಕ್ಷೆ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ, ಅದರ ನಂತರವೇ ಗೆರೆ ಕಾಯಂ ಆಗುವುದು. ಆಕ್ಷೇಪಣೆ ಸಲ್ಲಿಸುವವರು ಯಾರು? ಜಮೀನು ಇದ್ದವರು, ವಕೀಲರನ್ನು ಇಟ್ಟುಕೊಂಡವರು. ಗೆರೆ ನಾಲ್ಕು ಮಾರು ಹಿಂದೆ ಸರಿದರೆ ಅವರಿಗೆ ಲಾಭ. ಮಳೆಗಾಲದಲ್ಲಿ ಅಲ್ಲಿ ನಿಂತ ನೀರನ್ನು ಕಣ್ಣಾರೆ ಕಂಡ ಬಾಡಿಗೆದಾರನಿಗೆ ಇಂಥದೊಂದು ಪ್ರಕಟಣೆ ಹೊರಟಿರುವುದೇ ಗೊತ್ತಿರುವುದಿಲ್ಲ. ಗೊತ್ತಾದರೂ “ನಮಗ್ಯಾಕೆ, ನಾವು ಹೊರಗಿನವರು” ಎಂದುಬಿಡುತ್ತಾನೆ. ಮೂವತ್ತು ವರ್ಷ ಇಲ್ಲೇ ಸಂಸಾರ ಮಾಡಿ, ಮಕ್ಕಳ ಮದುವೆಯನ್ನೂ ಇಲ್ಲೇ ಮಾಡಿದ ಮೇಲೆ ಇನ್ನೆಷ್ಟು ದಿನ ಹೊರಗಿನವರು? ನೀರು ಒಳಗೆ ಬರುವಾಗ ನಮ್ಮ ಊರು ಯಾವುದೆಂದು ಕೇಳುವುದಿಲ್ಲವಲ್ಲ.

ಮೇಲಿನಿಂದ ಎಳೆದ ಗೆರೆಗೂ ಕೆಳಗಿನವರ ಬದುಕಿಗೂ ಬೀಳುವ ಅಂತರ ನಮ್ಮ ನಾಡಿಗೆ ಹೊಸದಲ್ಲ. ಪಶ್ಚಿಮ ಘಟ್ಟದ ವಿಷಯವನ್ನೇ ನೋಡಿ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ, ಗ್ರಾಮಸಭೆಗಳನ್ನು ಕೇಳಿಯೇ ಗಡಿಗಳನ್ನು ಅಂತಿಮಗೊಳಿಸಬೇಕೆಂದಿತು. 2013ರಲ್ಲಿ ಬಂದ ಕಸ್ತೂರಿರಂಗನ್ ವರದಿ ಮುಖ್ಯವಾಗಿ ಉಪಗ್ರಹ ಚಿತ್ರಗಳನ್ನು ಆಧರಿಸಿ ಕರ್ನಾಟಕದ 20,668 ಚದರ ಕಿಲೋಮೀಟರನ್ನು, 1,576 ಹಳ್ಳಿಗಳನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಮರಗಳ ನೆರಳಿನಲ್ಲಿ ಬೆಳೆದ ಕಾಫಿ ತೋಟ ಆಕಾಶದಿಂದ ಕಾಡಿನಂತೆಯೇ ಕಾಣುತ್ತದೆ, ನಮ್ಮನ್ನು ಕೇಳದೆ ಗೆರೆ ಎಳೆದರು ಎಂದು ಮಲೆನಾಡಿನವರು ದೂರಿದರು. ಕರಡು ಅಧಿಸೂಚನೆಗಳು ಮೇಲಿಂದ ಮೇಲೆ ಹೊರಟವು, ಪ್ರತಿಭಟನೆಗಳೂ ನಡೆದವು, 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಆ ವರದಿಯನ್ನು ತಿರಸ್ಕರಿಸಿತು. ಘಟ್ಟ ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಕೇಳದೆ ಎಳೆದ ಗೆರೆಯನ್ನು ಕಾಯುವವರು ಯಾರು?

ಇದಕ್ಕೆ ಬೇರೆಯಾದ ದಾರಿ ಹಿಡಿದವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಆ ಕಾಡನ್ನು 1974ರಲ್ಲಿ ವನ್ಯಧಾಮ ಮಾಡಿದಾಗ ಅವರನ್ನು ಒಳಗಿನಿಂದ ಎಬ್ಬಿಸಿ ಅಂಚಿನ ಪೋಡುಗಳಿಗೆ ತಂದರು. ಸರ್ಕಾರದ ನಕ್ಷೆಯಲ್ಲಿ ಅರಣ್ಯದ ಬ್ಲಾಕುಗಳಿದ್ದವು. ಸೋಲಿಗರ ತಲೆಯಲ್ಲಿದ್ದದ್ದು ಬೇರೆಯೇ ನಕ್ಷೆ. ಅವರಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಐದು ಬಗೆಯ ನೆಲೆಗಳು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆಗೂಡಿ ಸೋಲಿಗ ಹಿರಿಯರು ಈ ನೆಲೆಗಳಿಗೆ ನಡೆದೇ ಹೋದರು. ಹಿರಿಯರು ನಿಂತು ‘ಇದು’ ಎಂದ ಜಾಗದಲ್ಲಿ ಜಿ.ಪಿ.ಎಸ್. ಉಪಕರಣ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಂಡಿತು. ಹೀಗೆ 400ಕ್ಕೂ ಮಿಕ್ಕಿ ನೆಲೆಗಳು ನಕ್ಷೆಗೆ ಬಂದವು. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರು ಈ ಕೆಲಸದಲ್ಲಿದ್ದರು.

2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಇನ್ನು ಪೂರ್ತಿ ಹೊರಗೇ ಎಂದು ಅವರು ಹೆದರಿದ್ದರೆ ಆಶ್ಚರ್ಯವಿಲ್ಲ. ಆದರೆ ಅದೇ ವರ್ಷ, ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ, ಹಲವು ಪೋಡುಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಹಕ್ಕು ತಂದದ್ದು ಕಾಯಿದೆಯೇ ಹೊರತು ನಕ್ಷೆಯಲ್ಲ, ನಿಜ. ಆದರೂ “ನೀವು ಇಲ್ಲಿದ್ದಿರಿ ಎನ್ನಲು ಏನು ಆಧಾರ?” ಎಂದು ಕೇಳುವವರ ಮೇಜಿನ ಮೇಲೆ ಹರಡಲು ಅವರ ಬಳಿ ಒಂದು ಹಾಳೆ ಇತ್ತು.

ಈ ಸುದ್ದಿ ನಮ್ಮ ಗಲ್ಲಿಗಳಿಗೆ ಹೇಗೆ ಒಗ್ಗೀತು ಎಂದು ಯೋಚಿಸಿದೆವು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಉಚಿತ ಭೂಪಟವಿದೆ. ಅದರಿಂದ ನಮ್ಮ ನಾಲ್ಕಾರು ಗಲ್ಲಿಗಳನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಿ, ಒಂದು ಭಾನುವಾರ ನಮ್ಮಲ್ಲೊಬ್ಬರ ಮನೆಯ ಟೆರೇಸಿನ ಮೇಲೆ ಹಾಸಿದೆವು. 2000ದ ನೀರಿಗೆ ನೀಲಿ ಶಾಯಿ, 2020ರದಕ್ಕೆ ಕೆಂಪು. ಉಪ್ಪಿಟ್ಟು ಕಾಫಿ ಮುಗಿಯುವಷ್ಟರಲ್ಲಿ ಜಗಳ ಹತ್ತಿತು. ಹಿರಿಯರೊಬ್ಬರು ನೀರು ಗಣಪತಿ ಪೆಂಡಾಲಿನವರೆಗೆ ಬಂದಿತ್ತೆಂದರೆ, ಅವರ ಮನೆಯಾಕೆ, “ನಿಮಗೇನು ಗೊತ್ರೀ, ನೀವು ಆಫೀಸ್‌ನಾಗ ಸಿಕ್ಕೊಂಡಿದ್ರಿ. ನಮ್ಮ ಅಡಿಗಿಮನಿ ಕಟ್ಟಿಗೆ ನಾಕ ಬಟ್ಟು ಕಡಿಮಿ ಇತ್ತು” ಎಂದು ಬಾಯಿ ಮುಚ್ಚಿಸಿದರು. ನಮ್ಮ ಅನುಭವದಲ್ಲಿ ಹೆಂಗಸರ ಅಳತೆಯೇ ಸರಿ. ಗಂಡಸರು ಇಸವಿ ನೆನಪಿಟ್ಟಿರುತ್ತಾರೆ, ಅವರು ಮಟ್ಟ ನೆನಪಿಟ್ಟಿರುತ್ತಾರೆ.

ಹುಡುಗರು ಫೋನು ಹಿಡಿದು ಗಲ್ಲಿ ಗಲ್ಲಿ ಸುತ್ತಿದರು. ಐದಂತಸ್ತಿನ ಕಟ್ಟಡಗಳ ಸಂದಿಯಲ್ಲಿ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ, ಫೋನು ಕೆಲವೊಮ್ಮೆ ನಮ್ಮನ್ನು ಪಕ್ಕದ ಗಲ್ಲಿಯಲ್ಲೇ ನಿಲ್ಲಿಸಿಬಿಡುತ್ತದೆ. ಅಂಥಲ್ಲಿ ಕರೆಂಟು ಕಂಬವನ್ನೋ ಗೇಟನ್ನೋ ಗುರುತು ಮಾಡಿಕೊಂಡೆವು. ಎತ್ತರದ ಲೆಕ್ಕಕ್ಕಂತೂ ಫೋನನ್ನು ನಂಬುವ ಹಾಗಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪು ಆ ಕೆಲಸವನ್ನು ಸಲೀಸಾಗಿ ಮಾಡಿತು.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಸಾಲ ಮಾಡಿ ಫ್ಲಾಟು ಕೊಂಡ ನಮ್ಮ ಸದಸ್ಯರೊಬ್ಬರು, “ಏನ್ರೀ, ನಮ್ಮ ಬಿಲ್ಡಿಂಗ್ ನೀರಾಗ ಐತಿ ಅಂತ ನಾವೇ ಬರಕೊಟ್ರ ನಾಳಿಗೆ ಯಾರ ತಗೋತಾರ?” ಎಂದು ಕೇಳಿದರು. ಅವರ ಮಾತನ್ನು ಸ್ವಾರ್ಥವೆಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷದ ಕಂತು ಅದು. ಇನ್ನೂ ಕಠಿಣವಾದ ಮಾತನ್ನು ಹೇಳಿದವಳು ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವ, ನಾಲಾದ ದಡದ ಬಸ್ತಿಯಲ್ಲಿ ವಾಸಿಸುವ ಹೆಣ್ಣುಮಗಳು. ನೀರು ಯಾವ ಹೊತ್ತಿಗೆ, ಯಾವ ಮೂಲೆಯಿಂದ ಏರುತ್ತದೆಂದು ಅವಳಷ್ಟು ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಎಲ್ಲವನ್ನೂ ಬೆರಳಿಟ್ಟು ತೋರಿಸಿ ಕಡೆಗೆ ತೆಲುಗಿನಲ್ಲಿ, “ನೀಳ್ಳು ರಾಯಂಡಮ್ಮಾ, ಮಾ ಇಲ್ಲು ಮಾತ್ರಂ ರಾಯಕಂಡಿ” ಎಂದಳು. ನೀರನ್ನು ಬರೆಯಿರಿ, ನಮ್ಮ ಮನೆಯನ್ನು ಮಾತ್ರ ಬರೆಯಬೇಡಿ. 2024ರ ಜುಲೈಯಲ್ಲಿ ಹೈಡ್ರಾ ಎಂಬ ಸಂಸ್ಥೆ ಹುಟ್ಟಿ ಕೆರೆಯಂಗಳದ ಕಟ್ಟಡಗಳನ್ನು ಕೆಡವತೊಡಗಿದ ಮೇಲೆ, ಅವಳಂಥವರಿಗೆ ನಕ್ಷೆ ಎಂದರೆ ಜೆಸಿಬಿ ಬರುವ ಮುನ್ಸೂಚನೆ.

ನಕ್ಷೆ ಮಾಡಲು ಜನರನ್ನು ಸೇರಿಸಿಕೊಳ್ಳಬೇಕೆಂದು ಭಾಷಣ ಮಾಡುವವರು ಇಲ್ಲಿಗೆ ಬಂದು ಕೂರಬೇಕು. ಹಾಳೆ ಒಮ್ಮೆ ಕೈ ದಾಟಿತೆಂದರೆ ಅದನ್ನು ಓದುವವನ ಉದ್ದೇಶ ನಮ್ಮ ಹಿಡಿತದಲ್ಲಿರುವುದಿಲ್ಲ. ಬಹಳ ಹೊತ್ತು ಚರ್ಚಿಸಿ, ಮನೆಗಳನ್ನು ಗುರುತಿಸುವುದೇ ಬೇಡ, ರಸ್ತೆಯ ಮೇಲಿನ ನೀರಿನ ಆಳ, ಅದು ಬರುವ ದಿಕ್ಕು, ಕಟ್ಟಿಕೊಂಡ ಮೋರಿಯ ಬಾಯಿ, ಇಷ್ಟು ಸಾಕು ಎಂದು ತೀರ್ಮಾನಿಸಿದೆವು. ಫ್ಲಾಟಿನವರೂ ಒಪ್ಪಿದರು. ಬಸ್ತಿಯ ಭಾಗ ಹಾಳೆಯಲ್ಲಿ ಬಿಳಿಯಾಗಿಯೇ ಇದೆ. ಅದರ ಅಂಚಿನಲ್ಲಿ ಒಂದು ಬಾಣದ ಗುರುತು ಮಾತ್ರ. ಆ ಹೆಣ್ಣುಮಗಳು ಅದನ್ನು ನೋಡಿ ತಲೆಯಾಡಿಸಿದ ಮೇಲೆಯೇ ನಾವು ಹಾಳೆ ಸುತ್ತಿಟ್ಟದ್ದು.

ಇದೆಲ್ಲದರಿಂದ ಏನಾದೀತು ಎಂದು ಕೇಳುವವರಿಗೆ ಒಂದು ಸಂಗತಿ. 2025ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರೇವಂತ ರೆಡ್ಡಿಯವರು ಮುನ್ಸೂಚನೆಯಿಲ್ಲದೆ ನಮ್ಮ ಅಮೀರ್‌ಪೇಟ್‌ನ ಬುದ್ಧನಗರ, ಗಂಗೂಬಾಯಿ ಬಸ್ತಿ, ಮೈತ್ರೀವನಂ ಕಡೆ ಮಳೆನೀರಿನ ತೊಂದರೆ ನೋಡಲು ಬಂದಿದ್ದರು. ಸುತ್ತ ಅಧಿಕಾರಿಗಳಿದ್ದರು. ಆದರೆ ಪಕ್ಕದಲ್ಲಿ ನಡೆಯುತ್ತಾ ನೀರು ಮನೆಯೊಳಗೆ ಹೇಗೆ ನುಗ್ಗುತ್ತದೆಂದು ವಿವರಿಸಿದವನು ಅಲ್ಲಿಯ ಒಬ್ಬ ಶಾಲಾ ಹುಡುಗ. ಅವನಿಗೆ ಯಾವ ನಕ್ಷೆಯೂ ಬೇಕಾಗಲಿಲ್ಲ. ಆದರೆ ಮುಖ್ಯಮಂತ್ರಿಗಳು ದಿನಾ ಬರುವುದಿಲ್ಲ, ಹುಡುಗನೂ ನಾಳೆ ದೊಡ್ಡವನಾಗಿ ಬೇರೆ ಊರಿಗೆ ಹೋದಾನು.

ನಮ್ಮ ಹಾಳೆಯ ಒಂದು ಪ್ರತಿಯನ್ನು, ತೆಲುಗಿನಲ್ಲಿ ಬರೆದ ಮನವಿಯೊಡನೆ, ಸಂಬಂಧಪಟ್ಟವರಿಗೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದಿದ್ದೇವೆ. ತೆಲುಗು ತಿದ್ದಿಕೊಟ್ಟವನು ಇಸ್ತ್ರಿಯವನ ಮಗ. ಬಲ್ಕಂಪೇಟ್ ಕಡೆಗೆ ತಿರುಗುವ ಎರಡು ಗಲ್ಲಿಗಳು ಇನ್ನೂ ಖಾಲಿ ಇವೆ. ಅಲ್ಲಿ ನಮ್ಮವರ ಮನೆಗಳಿವೆಯೆಂದು ಕೇಳಿದ್ದೇವೆ. ನೀರಿನ ಮಟ್ಟ ನೆನಪಿರುವ ಹಿರಿಯರು, ಮುಖ್ಯವಾಗಿ ಅಜ್ಜಿಯರು, ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಬಂದರೆ ಪೈಪು ಹಿಡಿಯಲು ಹುಡುಗರಿದ್ದಾರೆ.