ಗ್ಯಾಸ್‌ಲೈಟಿನ ಬಿಳಿ ಬೂದಿ

ಪುತ್ತೂರಿನಲ್ಲಿ ಹತ್ತಿದ ಬಸ್ಸು ಸವಣೂರು, ಕಾಣಿಯೂರು ದಾಟಿ ನಿಂತಿಕಲ್ಲಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕಡಬದ ರಬ್ಬರ್ ತೋಟಗಳನ್ನು ಹಿಂದೆ ಬಿಟ್ಟು ಸುಳ್ಯದ ಬೆಳ್ಳಾರೆ ಕಡೆ ತಿರುಗಿದೆವು. ಒಂದು ತರವಾಡು ಮನೆಯಲ್ಲಿ ದೈವದ ನೇಮ. ಅಂಗಳಕ್ಕೆಲ್ಲ ಕರೆಂಟಿದ್ದರೂ ದೈವದ ಒಡವೆ-ಆಯುಧಗಳ ಭಂಡಾರ ಬರುವ ದಾರಿಗೆ ಅಲ್ಲಿ ಇನ್ನೂ ಗ್ಯಾಸ್‌ಲೈಟೇ ಬೇಕು.

ದೀಪ ಹಚ್ಚುವ ಅಜ್ಜ ಹೊಸ ಮ್ಯಾಂಟಲನ್ನು ಬಿಡಿಸಿ ದಾರ ಬಿಗಿದು ಕಟ್ಟಿದರು. ಮೆತ್ತಗಿನ ಬಿಳಿ ಬಲೆಚೀಲ. ಬೆಂಕಿ ಸೋಕಿತು, ಚೀಲ ಕಪ್ಪಾಯಿತು, ಮುದುಡಿತು, ಮತ್ತೆ ಬಿಳಿಯಾಯಿತು. ನಾನು ಕೈ ಚಾಚಿದೆ. “ಮುಟ್ಟಬೇಡಿ ಮಾರಾಯ್ರೆ, ಈಗ ಅದು ಬರೀ ಬೂದಿ” ಎಂದರು. ಬಟ್ಟೆ ಉರಿದುಹೋದರೂ ಹೆಣಿಗೆಯ ಒಂದೊಂದು ಕಣ್ಣೂ ಹಾಗೇ ನಿಂತಿತ್ತು! ಪಂಪು ಹೊಡೆದು ಸೀಮೆಎಣ್ಣೆಯ ಆವಿ ಬಿಟ್ಟಾಗ ಆ ಬೂದಿಯೇ ಬೆಳಗಿತು; ತೋಟದ ಕೊನೆಯ ಅಡಿಕೆ ಮರದವರೆಗೂ ಬೆಳಕು.

ಹಳೆಯ ಬಗೆಯ ಮ್ಯಾಂಟಲಿನಲ್ಲಿ ಈ ಬೂದಿ ಥೋರಿಯಂ ಡೈಆಕ್ಸೈಡ್. ಬಟ್ಟೆಯನ್ನು ಥೋರಿಯಂ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ ಒಣಗಿಸಿರುತ್ತಾರೆ. ಸುಟ್ಟಾಗ ನೈಟ್ರೇಟು ಒಡೆದು ಆಕ್ಸೈಡ್ ಉಳಿಯುತ್ತದೆ. ಅದು ಕರಗಬೇಕಾದರೆ ಸುಮಾರು 3300 ಡಿಗ್ರಿ ಸೆಲ್ಸಿಯಸ್ ಬೇಕು, ಬೇರೆ ಯಾವ ಆಕ್ಸೈಡಿಗೂ ಅಷ್ಟು ಬೇಡ. ಆದರೆ ಅದೊಂದೇ ಇದ್ದರೆ ಬೆಳಕು ಮಂಕು. ನೂರಕ್ಕೆ ಒಂದು ಪಾಲು ಸೀರಿಯಂ ಆಕ್ಸೈಡ್ ಸೇರಿಸಬೇಕೆಂಬ ಗುಟ್ಟನ್ನು 1891ರ ಹೊತ್ತಿಗೆ ಕಂಡುಕೊಂಡವನು ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್. ಆ ಒಂದು ಪಾಲಿನ ಮಹಿಮೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಥೋರಿಯಂ ನಮ್ಮದೇ ಕರಾವಳಿಯ ತೆಂಕಣ ತುದಿಯ ಸರಕು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಥೋರಿಯಂ ಇರುವ ಖನಿಜವಾದ ಮೊನಜೈಟನ್ನು ಗುರುತಿಸಿದ. 1952ರಿಂದ ಕೇರಳದ ಆಲುವಾದ ಕಾರ್ಖಾನೆ ಆ ಮರಳನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಥೋರಿಯಂ ಹೈಡ್ರಾಕ್ಸೈಡನ್ನು ಬೇರ್ಪಡಿಸುತ್ತಿತ್ತು. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ನೈಟ್ರೇಟು ಸಿದ್ಧ.

ಥೋರಿಯಂ ವಿಕಿರಣ ಸೂಸುವ ಲೋಹ, ಆದರೆ ಅದರ ಸವೆತಕ್ಕೆ ಅವಸರವಿಲ್ಲ: ಅರ್ಧ ಸವೆಯಲು ಸುಮಾರು 1400 ಕೋಟಿ ವರ್ಷ. ಭೂಮಿ ಹುಟ್ಟಿದಾಗ ಇದ್ದುದರಲ್ಲಿ ನೂರಕ್ಕೆ ಸುಮಾರು 80 ಪಾಲು ಈಗಲೂ ಉಳಿದಿದೆ. ದೈವದ ದಾರಿಗೆ ಹಿಡಿದ ಬೆಳಕಿನ ಬೂದಿ ಭೂಮಿಗಿಂತ ಹಳೆಯದು!

ಈಗ ಅನೇಕ ಮ್ಯಾಂಟಲುಗಳಿಗೆ ಇಟ್ರಿಯಂ ಬಳಸುತ್ತಾರೆ. ನಿಮ್ಮ ಅಟ್ಟದಲ್ಲಿ ಹಳೆಯ ಗ್ಯಾಸ್‌ಲೈಟಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಡೆದ ಮ್ಯಾಂಟಲಿನ ಪುಡಿಯನ್ನು ಮಾತ್ರ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು ಕೈ ತೊಳೆದುಕೊಳ್ಳಿ.