ಹೊರಡದ ಬಂಡಿಯೂ ತರ್ಕಸಂಗ್ರಹವೂ

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಸೀಮೆಯಲ್ಲಿ ಕಾರ್ತಿಕಮಾಸವು ಕಳೆಯಿತೆಂದರೆ ರಸ್ತೆಗಳೆಲ್ಲವೂ ಕಬ್ಬಿನ ಟ್ರ್ಯಾಕ್ಟರುಗಳ ವಶವಾಗುವುವು. ಒಂದೊಂದರ ಬೆನ್ನಿಗೂ ಎರಡೆರಡು ಟ್ರೇಲರುಗಳು, ಮುಂದುಗಡೆ ಬಣ್ಣಬಣ್ಣದ ದೀಪಗಳು, ಚಾಲಕನ ನೆತ್ತಿಯ ಮೇಲೆ ಊರನ್ನೇ ಎಬ್ಬಿಸಬಲ್ಲ ಹಾಡಿನ ಡಬ್ಬಿ. ಈ ಡಬ್ಬಿಯ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲವೆಂಬುದನ್ನು ವಾಚಕರು ಮೊದಲೇ ತಿಳಿದಿರುವುದು ಒಳ್ಳೆಯದು. ಕಡಿದ ಕಬ್ಬಾದರೋ ಕಾಯುವ ಪದಾರ್ಥವಲ್ಲ. ದಿನ ಕಳೆದಂತೆ ತೂಕವು ಇಳಿಯುವುದು, ಸಕ್ಕರೆಯ ಅಂಶವೂ ಕುಂದುವುದು. ತುಂಬಿ ನಿಂತ ಬಂಡಿಯು ನಸುಕಿನಲ್ಲಿ ಹೊರಡದೆ ಹೋದರೆ ರೈತನ ಎದೆ ಹೊಡೆದುಕೊಳ್ಳುವುದು ಈ ಕಾರಣದಿಂದಲೇ.

ಕಳೆದ ಪುಷ್ಯಮಾಸದಲ್ಲಿ ನನ್ನ ಸೋದರಳಿಯನ ಟ್ರ್ಯಾಕ್ಟರಿಗೆ ಇದೇ ಗತಿಯಾಯಿತು. ಕೀಲಿಯನ್ನು ತಿರುಗಿಸಿದರೆ ಚಟಚಟನೆ ಒಂದು ಸದ್ದು. ಅದರಾಚೆಗೆ ಏನೂ ಇಲ್ಲ. ಅಳಿಯನು ಚಾಲಕ ಹುಡುಗನ ಮೇಲೆ ಹರಿಹಾಯ್ದನು. "ರಾತ್ರಿಯೆಲ್ಲಾ ಹಾಡು ಹಚ್ಚಿಕೊಂಡು ಮಲಗೀದಿ, ಬ್ಯಾಟರಿ ಸತ್ತೈತಿ. ಹೊಸಾದರ ರೊಕ್ಕಾ ನಿನ್ನ ಪಗಾರದಾಗ ಮುರಕೋತೀನಿ!" "ಇಲ್ಲರೀ ಧಣ್ಯಾರ, ಬಂದ್ ಮಾಡೇ ಮಲಗೀನ್ರಿ" ಎಂದು ಹುಡುಗನು ಅಂದನು. ಅವನ ಮಾತಿಗೆ ಸಾಕ್ಷಿಯಾರು? ಸಮೀಪದ ಪೇಟೆಯಿಂದ ಬಂದ ಒಬ್ಬ ಗೃಹಸ್ಥರು ಬ್ಯಾಟರಿಯನ್ನು ಮುಟ್ಟದೆಯೇ, ಸದ್ದನ್ನಷ್ಟೇ ಕೇಳಿ, ಹೊಸದನ್ನು ಹಾಕಿಸಿರೆಂದು ತೀರ್ಪು ಕೊಟ್ಟು ಹೋದರು. ಬ್ಯಾಟರಿಯ ಬೆಲೆ ಹಲವು ಸಾವಿರ ರೂಪಾಯಿ. ಆ ಹುಡುಗನ ಮುಖವನ್ನು ನೋಡಲಾರದೆ, ಬನಹಟ್ಟಿಯಲ್ಲಿ ನನ್ನ ಪರಿಚಯದ ಒಬ್ಬ ವಾಯರಮನ್ನನಿಗೆ ನಾನೇ ಹೇಳಿಕಳುಹಿಸಿದೆನು. ಆತನು ಮಗ್ಗಗಳ ಮೋಟಾರು ಕಟ್ಟುವುದರಲ್ಲಿ ಪಳಗಿ, ಬಳಿಕ ವಾಹನಗಳ ವಿದ್ಯುತ್ತಿಗೆ ಕೈಹಾಕಿದವನು.

ಹಿಂದಿನ ಕಾಲದ ಮೋಟಾರುಗಳನ್ನು ಹ್ಯಾಂಡಲು ತಿರುವಿ ಹೊರಡಿಸುತ್ತಿದ್ದರು. ಯಂತ್ರವು ಹಿಮ್ಮೆಟ್ಟಿ ಒದ್ದರೆ ಮೊಣಕೈ ಮುರಿಯುತ್ತಿದ್ದುದೂ ಉಂಟು. ಅಮೇರಿಕೆಯ ಕೆಟರಿಂಗನು ರಚಿಸಿದ ವಿದ್ಯುತ್ ಸ್ಟಾರ್ಟರು 1912ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ಕಷ್ಟವು ಕ್ರಮೇಣ ತಪ್ಪಿತು. ಆದರೆ ತೋಳಿಗೆ ತಿಳಿಯುತ್ತಿದ್ದ ದೋಷವು ಅಂದಿನಿಂದ ತಂತಿಯೊಳಗೆ ಅಡಗಿ ಕುಳಿತಿತು. ಪ್ರತ್ಯಕ್ಷವಾಗಿದ್ದುದು ಅನುಮಾನಕ್ಕೆ ಬಿದ್ದಿತು. ಅನುಮಾನವೆಂದರೆ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಉರುಹೊಡೆದ ನನ್ನಂಥವನಿಗೆ ಕಿವಿ ನಿಮಿರುವ ವಿಷಯ.

ಬಂದವನು ಮೊದಲು ಗೇರನ್ನು ನ್ಯೂಟ್ರಲಿಗೆ ತಂದು, ಬೀಡಿ ಸೇದುತ್ತ ಬಗ್ಗಿ ನೋಡುತ್ತಿದ್ದ ಒಬ್ಬರನ್ನು ದೂರ ಕಳುಹಿಸಿದನು. ಬ್ಯಾಟರಿಯು ಚಾರ್ಜು ಆಗುವಾಗ ಜಲಜನಕ ವಾಯುವು ಹೊರಡುವುದು. ಅದಕ್ಕೆ ಒಂದು ಕಿಡಿ ಸಾಕು. ಬಳಿಕ ಮುಂದಿನ ದೀಪವನ್ನು ಹಚ್ಚಿದನು. ಅದು ಚೆನ್ನಾಗಿ ಉರಿಯಿತು. "ದೀಪಾ ಹತ್ತೈತಲ್ಲೋ, ಮತ್ತ ಬ್ಯಾಟರಿ ಬರೋಬರಿ ಐತಿ" ಎಂದು ನೆರೆದವರಲ್ಲಿ ಒಬ್ಬರು ಅಂದರು. ಇದು ನಮ್ಮವರು ಸವ್ಯಭಿಚಾರವೆಂದು ಕರೆಯುವ ಹೇತ್ವಾಭಾಸ. ದೀಪಕ್ಕೆ ಬೇಕಾಗುವುದು ಸುಮಾರು 5 ಆಂಪಿಯರು, ಸ್ಟಾರ್ಟರಿಗೋ ನೂರಾರು. ಘಟಪ್ರಭಾ ಎಡದಂಡೆಯ ಕಾಲುವೆಯ ತೂಬಿನಲ್ಲಿ ಕಸ ಸಿಕ್ಕಿಕೊಂಡರೆ ದನಗಳು ಕುಡಿಯುವಷ್ಟು ನೀರು ಸೋರಿ ಬರುವುದು, ಹೊಲ ಉಣ್ಣುವಷ್ಟು ಬಾರದು. ಹಾಗೆಯೇ ಬ್ಯಾಟರಿ ಬಡವಾಗಿದ್ದರೂ, ದಾರಿಯಲ್ಲಿ ತಡೆಯಿದ್ದರೂ, ದೀಪವು ಉರಿದೀತು. ಕೀಲಿ ತಿರುಗಿಸಿದೊಡನೆ ಆ ದೀಪವು ಕುಗ್ಗಿಹೋಯಿತು, ಚಟಚಟ ಸದ್ದೂ ಎದ್ದಿತು. ಇದರಿಂದಲೂ ನಿರ್ಣಯವಾಗಲಿಲ್ಲ, ಎರಡು ರೋಗಗಳಿಗೂ ಈ ಲಕ್ಷಣವು ಸಮಾನ. ಕುಗ್ಗದೆ ಹಾಗೆಯೇ ಉರಿದಿದ್ದರೆ ಸ್ಟಾರ್ಟರಿಗೆ ವಿದ್ಯುತ್ತೇ ಹೋಗುತ್ತಿಲ್ಲವೆಂದು ಕೀಲಿಯ ಸ್ವಿಚ್ಚು, ಫ್ಯೂಜುಗಳ ಕಡೆಗೆ ಹೊರಳುತ್ತಿದ್ದನಂತೆ.

ಈಗ ಮೀಟರು ಹೊರಬಂದಿತು. ಸೀಸ ಮತ್ತು ಗಂಧಕಾಮ್ಲಗಳ ಈ ತರದ ಬ್ಯಾಟರಿಯನ್ನು ಮೊದಲು 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬವನು ಮಾಡಿದನು. ಅದರ ಆರು ಕೋಶಗಳು ಒಂದೊಂದೂ ಸುಮಾರು 2.1 ವೋಲ್ಟು ಕೊಡುವುದರಿಂದ, ತುಂಬಿದ ಬ್ಯಾಟರಿಯು 12.6 ತೋರಿಸಬೇಕು, 12ಕ್ಕೆ ಇಳಿಯಿತೆಂದರೆ ಬಹುಪಾಲು ಬರಿದಾಯಿತು. ನಮ್ಮದು 12.5 ತೋರಿಸಿತು. ರಾತ್ರಿಯೆಲ್ಲ ಹಾಡಿದ್ದರೆ ಈ ಅಂಕಿ ಬರುವಂತಿರಲಿಲ್ಲ. ಆದರೂ ಆತನು ಅಷ್ಟಕ್ಕೇ ಒಪ್ಪಲಿಲ್ಲ. ಹೊರೆ ಬಿದ್ದಾಗ ಕುಸಿಯುವ ಬ್ಯಾಟರಿಗಳೂ ಉಂಟು. ಕೀಲಿ ತಿರುಗಿಸುವಂತೆ ಹುಡುಗನಿಗೆ ಹೇಳಿ, ಬ್ಯಾಟರಿಯ ಎರಡು ಗುಬ್ಬಿಗಳ ಮೇಲೆಯೇ ಮೀಟರಿನ ಮೊನೆಗಳನ್ನು ಒತ್ತಿ ಹಿಡಿದನು. ಅಂಕಿ ಇಳಿಯಲೇ ಇಲ್ಲವೆನ್ನಬೇಕು. ಮೈಯುಂಡು ತಿರುಗಿಸುವ ಬ್ಯಾಟರಿಯು 10-11ರ ವರೆಗಾದರೂ ಇಳಿಯಬೇಕು. ಇಳಿಯದಿರುವುದೇ ಇಲ್ಲಿ ಗುರುತು. ಹೊರೆಯು ಅದರ ಹೆಗಲಿಗೆ ಬರುತ್ತಲೇ ಇಲ್ಲ, ನಡುವೆ ಎಲ್ಲಿಯೋ ದಾರಿ ಕಟ್ಟಿದೆ.

ಬಳಿಕ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಗುಬ್ಬಿಗೂ ಇನ್ನೊಂದನ್ನು ಇಂಜಿನಿನ ಬರಿಯ ಕಬ್ಬಿಣಕ್ಕೂ ಹಿಡಿದನು. ಕೀಲಿ ತಿರುಗಿಸಿದಾಗ ಅಲ್ಲಿ ಅರ್ಧ ವೋಲ್ಟು ಕೂಡ ಇರಬಾರದು. ಮುಳ್ಳು ಎಂಟರ ಆಚೆಯೀಚೆ ಕುಣಿಯಿತು. ಆತನು ತಲೆಯೆತ್ತಿ, "ಬ್ಯಾಟರಿ ಸತ್ತಿಲ್ರಿ ಗುರುಗಳ, ಅರ್ಥ ಹಿಡದಿಲ್ಲ" ಎಂದನು. ಮೈಕಬ್ಬಿಣಕ್ಕೆ ಕೂಡಿಸುವ ತಂತಿಗೆ ಈ ಜನರು ಅರ್ಥ್ ಎನ್ನುವರು. ಆತನ ಬಾಯಲ್ಲಿ ಅದು ಅರ್ಥವೇ ಆಗಿತ್ತು. ನಲವತ್ತು ವರುಷ ಮಕ್ಕಳಿಗೆ ಅರ್ಥ ಹೇಳಿದ ನನಗೆ ಆ ಮಾತು ಎಷ್ಟು ರುಚಿಸಿತೆಂಬುದನ್ನು ಬರೆದು ತಿಳಿಸಲಾರೆನು.

ಒಂದು ದಪ್ಪ ಕೇಬಲ್ಲನ್ನು ಋಣಗುಬ್ಬಿಯಿಂದ ನೇರವಾಗಿ ಇಂಜಿನಿಗೆ ಕೂಡಿಸಿದನು; ಟ್ರ್ಯಾಕ್ಟರು ಒಂದೇ ತಿರುವಿಗೆ ಗರ್ಜಿಸಿತು. ಇಂಜಿನನ್ನು ನಿಲ್ಲಿಸಿ ಕೇಬಲ್ಲನ್ನು ತೆಗೆದನು, ಮತ್ತೆ ಚಟಚಟ. ಅದು ಇದ್ದರೆ ಇದು, ಅದಿಲ್ಲದಿರೆ ಇದಿಲ್ಲ: ಅನ್ವಯವ್ಯತಿರೇಕಗಳನ್ನು ಇಷ್ಟು ನಿರ್ಮಲವಾಗಿ ನಾನು ಹಲಗೆಯ ಮೇಲೆ ಎಂದೂ ತೋರಿಸಿರಲಿಲ್ಲ.

ಋಣದ ಕಡೆಯನ್ನು ಮೊದಲು ಬಿಚ್ಚಿ (ಧನದ ಕಡೆಯನ್ನು ಮೊದಲು ಬಿಚ್ಚಹೋದರೆ ಪಾನಾ ಮೈಗೆ ತಾಗಿ ಕಿಡಿ ಸಿಡಿಯುವುದು) ಅರ್ಥದ ಬೋಲ್ಟನ್ನು ಕಳಚಿದಾಗ ಮೂಲವು ಕಣ್ಣಿಗೆ ಬಿತ್ತು. ದಸರೆಯ ಪೂಜೆಗೆಂದು ಅಳಿಯನು ಟ್ರ್ಯಾಕ್ಟರಿಗೆ ಹೊಸ ಬಣ್ಣ ಹೊಡೆಯಿಸಿದ್ದನು. ಬೋಲ್ಟಿನ ಕೆಳಗೂ ಬಣ್ಣ. ಅಂಚಿನಲ್ಲಿ ಇಬ್ಬನಿ ಇಳಿದು ತುಕ್ಕು. ಬೋಲ್ಟಿನ ಬಿಗಿಯಿಂದ ಎರಡು ತಿಂಗಳು ಹೇಗೋ ಸಾಗಿ, ರಸ್ತೆಯ ಕುಲುಕಾಟದಲ್ಲಿ ಅದು ಸಡಿಲವಾದೊಡನೆ ನಿಂತಿತು.

ಇಲ್ಲಿ ನನ್ನನ್ನು ಬಹುವಾಗಿ ಕಾಡಿದ ಸಂಗತಿಯೊಂದುಂಟು. ಆ ಪೇಟೆಯ ಗೃಹಸ್ಥರ ಮಾತಿನಂತೆ ಹೊಸ ಬ್ಯಾಟರಿಯನ್ನೇ ತಂದಿದ್ದರೆ, ಕೂಡಿಸುವಾಗ ತಂತಿಗಳನ್ನು ಎಳೆದಾಡಿ, ಸಡಿಲ ಕಂಡ ಬೋಲ್ಟನ್ನು ಬಿಗಿದು, ಬಹುಶಃ ಟ್ರ್ಯಾಕ್ಟರು ಹೊರಟೇಬಿಡುತ್ತಿತ್ತು. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು. ಕುಂಬಾರನ ಗಡಿಗೆಗೆ ಮಣ್ಣು ಹೊತ್ತ ಕತ್ತೆಯನ್ನು ಕಾರಣವೆನ್ನಬಾರದು, ಅದು ಅನ್ಯಥಾಸಿದ್ಧವೆಂದು ನಮ್ಮ ನೈಯಾಯಿಕರು ಎಷ್ಟು ಹೇಳಿದರೇನು, ಆ ಕತ್ತೆಗೆ ಹಲವು ಸಾವಿರ ತೆತ್ತು, ಬೋಲ್ಟು ಮತ್ತೆ ಸಡಿಲವಾಗುವ ತನಕ ಎಲ್ಲರೂ ಸಂತುಷ್ಟರಾಗಿರುತ್ತಿದ್ದರು. ಹುಡುಗನು ಕಳ್ಳನೆಂಬುದೂ ಸಿದ್ಧವಾಗುತ್ತಿತ್ತು. ಅವನ ಪರವಾಗಿ ನುಡಿದುದು 12.5 ಎಂಬ ಒಂದು ಅಂಕಿ. ಅದನ್ನು ನೋಡುವ ತಾಳ್ಮೆ ಒಬ್ಬನಿಗಿಲ್ಲದಿದ್ದರೆ ಅದೂ ಮೂಕವಾಗಿರುತ್ತಿತ್ತು.

ವಾಯರಮನ್ನನು ಕಬ್ಬಿಣವು ಬೆಳ್ಳಗೆ ಹೊಳೆಯುವ ವರೆಗೆ ಬಣ್ಣವನ್ನು ಕೆರೆದು, ಗುಬ್ಬಿಗಳ ಮೇಲಿನ ಬಿಳಿಯ ಬೂಷ್ಟನ್ನು ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಬಿಗಿದ ಮೇಲೆ ಗ್ರೀಸು ಸವರಿ, ಇನ್ನೂರು ರೂಪಾಯಿ ಸಾಕೆಂದನು. ಅಳಿಯನು ಹುಡುಗನಿಗೆ ಏನೂ ಹೇಳಲಿಲ್ಲ. ತನ್ನ ಕೈಯಿಂದಲೇ ಚಹದ ಕಪ್ಪನ್ನು ಕೊಟ್ಟನು. ಮಧ್ಯಾಹ್ನದೊಳಗೆ ಕಬ್ಬು ಕಾರ್ಖಾನೆಯ ಸರದಿಯನ್ನು ಮುಟ್ಟಿತು. ಆ ಬ್ಯಾಟರಿಯೇ ಈಗಲೂ ನಡೆಯುತ್ತಿದೆ. ಹಾಡಿನ ಡಬ್ಬಿಯೂ ನಡೆಯುತ್ತಿದೆ.